ಬಟ್ಟೆ ಹರವುವ ಪೈಪು

ಒದ್ದೆ ಬಟ್ಟೆಯಲ್ಲಿ ಕಾರಿನ ಸೀಟು ಒರೆಸುತ್ತಿದ್ದ ಪವಿತ್ರ, ಬಗ್ಗಿದ ಸೊಂಟ ಎತ್ತಲೆಂದು ಮೇಲಿದ್ದ ಹೊಳೆಯುವ ಕಮಾನನ್ನು ಹಿಡಿದಳು. ಕಮಾನು ಅಲುಗಿತು. ಹೆಚ್ಚೇನಲ್ಲ, ಸಡಿಲವಾದ ಹಲ್ಲಿನಷ್ಟು. ಇನ್ನೊಮ್ಮೆ ಹಿಡಿದು ಜಗ್ಗಿದಳು. ಸೀಟಿನ ಹಿಂದೆ, ಬುಡದಲ್ಲಿ, ತಗಡು ಕಿರುಗುಟ್ಟಿತು.

ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ ಕೆಂಪು ಕಾರು ಅದು. ಎರಡು ವರ್ಷದ ಹಿಂದೆ ಗಂಡ ಚಲುವರಾಜು ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು ಪಾಂಡವಪುರದ ಹೊರಗಿನ ತಮ್ಮ ಮನೆಯಂಗಳದಲ್ಲಿ ನಿಲ್ಲಿಸಿದಾಗ ಊರವರು ಬಂದು ನೋಡಿ ನಕ್ಕಿದ್ದರು. ಈಗ ಯಾರೂ ನಗುತ್ತಿರಲಿಲ್ಲ. ಮದುವೆಗೆ ಮುಂಚೆ ಗಂಡುಹೆಣ್ಣು ಜೋಡಿಯಾಗಿ ಫೋಟೊ ತೆಗೆಸುವುದು ಲಗ್ನಪತ್ರಿಕೆಯಷ್ಟೇ ಮುಖ್ಯವಾದ ಮೇಲೆ ಕೆ.ಆರ್. ಪೇಟೆಯಿಂದೆಲ್ಲ ಈ ಕಾರನ್ನು ಕೇಳಿಕೊಂಡು ಬರುತ್ತಿದ್ದರು. ನಾಳೆ ಭಾನುವಾರ ಮಗಳು ಚೈತ್ರಳ ಸರದಿ. ನಾಗಮಂಗಲದ ಹುಡುಗನಿಗೆ ಡ್ರೈವಿಂಗ್ ಬರುವುದಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟದ ತಿರುವುಗಳಲ್ಲಿ ಚೈತ್ರಳೇ ಕಾರು ಓಡಿಸುವುದು, ಅವನು ಪಕ್ಕದಲ್ಲಿ ಕೂತು ಅವಳನ್ನೇ ನೋಡುವುದು ಎಂದು ಫೋಟೊಗ್ರಾಫರ್ ತೀರ್ಮಾನಿಸಿದ್ದ.

ತಿಂಗಳ ಹಿಂದೆ ಡೇರಿಗೆ ಹಾಲು ಹಾಕಿ ಬರುವಾಗ ಪವಿತ್ರ ನಾಲೆ ಏರಿಯ ಕೆಳಗೆ ಇಂಥದೇ ಇನ್ನೊಂದು ಕಾರು ಮಗುಚಿಬಿದ್ದದ್ದನ್ನು ಕಂಡಿದ್ದಳು. ಯಾರದೋ ಏನೋ. ಒಳಗಿದ್ದವರನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಮುಂದಿನ ಗಾಜಿನ ಚೌಕಟ್ಟು ರೊಟ್ಟಿಯ ಹಾಗೆ ಬಾನೆಟ್ಟಿಗೆ ಅಂಟಿಕೊಂಡಿತ್ತು. ಅವಳು ಹಾಲಿನ ಕ್ಯಾನು ಕೆಳಗಿಟ್ಟು, ಸೀಟಿಗೂ ನೆಲಕ್ಕೂ ನಡುವೆ ಉಳಿದಿದ್ದ ಜಾಗವನ್ನು ಕೈಯಿಂದ ಅಳೆದಳು. ಒಂದು ಗೇಣೂ ಇರಲಿಲ್ಲ.

ಅಂದಿನಿಂದ, ಮುದ್ದೆಗೆ ಎಸರು ಕಾಯುವ ಹೊತ್ತಿನಲ್ಲಿ, ಹಿಂಡಿ ನೆನೆಯುವ ಹೊತ್ತಿನಲ್ಲಿ, ಕಾರು ಮಗುಚಿದರೂ ಕೂತವರ ತಲೆ ಕಾಯುವ ಪೈಪಿನ ಚೌಕಟ್ಟಿನ, ರೋಲ್ ಕೇಜಿನ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡತೊಡಗಿದಳು. ಮಾತು ಅರ್ಧ ಅರ್ಥವಾಗುತ್ತಿತ್ತು, ಮಗುಚುವ ಕಾರುಗಳು ಪೂರ್ತಿ ಅರ್ಥವಾಗುತ್ತಿದ್ದವು. ಮೈಸೂರಿನಲ್ಲಿ ರ್‍ಯಾಲಿ ಕಾರುಗಳಿಗೆ ಕೇಜು ಕಟ್ಟುವವನೊಬ್ಬನ ನಂಬರು ಹುಡುಕಿ ಫೋನು ಮಾಡಿದಳು.

"ಮೇಡಂ, ರೇಸಿಗೆ ಹೋಗೋದು ನೀವಾ?" ಎಂದು ಕೇಳಿದ ಅವನು.

"ಇಲ್ಲ ಸಾರ್, ನನ್ ಮಗ್ಳು. ಮದ್ವೆಗೆ."

ಅವನು ನಕ್ಕರೂ ತಾಳ್ಮೆಯಿಂದ ಹೇಳಿದ. ಚೈತ್ರಳ ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ಪವಿತ್ರ ಬರೆದುಕೊಂಡಳು. ಪೈಪಿನ ಗೋಡೆ ದಪ್ಪಗಿರಬೇಕು, ಬಗ್ಗಿಸಿದ ಕಡೆ ಸುಕ್ಕು ಬೀಳಬಾರದು. ಕೂತವರ ತಲೆಗಿಂತ ಎತ್ತರವಿರಬೇಕು. ಹಿಂದಕ್ಕೆ ಎರಡು ಆಸರೆ ಕಾಲು ಬೇಕು. ಬುಡಕ್ಕೆ ಅಂಗೈಯಗಲದ ಪ್ಲೇಟು, ಬೋಲ್ಟು ಕಾರಿನಡಿಯ ಗಟ್ಟಿ ಚಾಸಿಗೇ ಹೋಗಬೇಕು, ಮೇಲಿನ ತಗಡಿಗಲ್ಲ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಹಾಳೆಯನ್ನು ಮಡಿಸಿ ಗಂಡನ ಅಂಗಿಯ ಜೇಬಿಗಿಟ್ಟಿದ್ದಳು.

ನಿನ್ನೆ ಸಂಜೆ ಚಲುವರಾಜು ಈ ಕಮಾನು ಹಾಕಿಸಿಕೊಂಡು ಬಂದು, "ಮೈಸೂರಲ್ಲೇ ಮಾಡ್ಸಿವ್ನಿ ಕಣಮ್ಮಿ, ನಿನ್ ಚೀಟಿನಲ್ ಇದ್ದಂಗೇ" ಎಂದಾಗ ಅವಳು ಸಂತೋಷಕ್ಕೆ ಒತ್ತುಶ್ಯಾವಿಗೆ ಮಾಡಿ ಕಾಯಿಹಾಲು ಹಾಕಿ ಬಡಿಸಿದ್ದಳು.

ಈಗ ಕಮಾನಿನ ಹಿಂಬದಿಗೆ ಕೈ ಆಡಿಸಿದಳು. ಹೆಬ್ಬೆರಳು ಒಂದು ನೆಗ್ಗಿನೊಳಕ್ಕೆ ಇಳಿಯಿತು. ಅದು ಗುರುತಿನ ನೆಗ್ಗು. ಮಹಡಿ ಮೆಟ್ಟಿಲಿಗೆ ಕಂಬಿ ಹಾಕಿಸಿದಾಗ ಉಳಿದ ಸ್ಟೀಲ್ ಪೈಪನ್ನು ಹಿತ್ತಲಲ್ಲಿ ಎರಡು ಕವೆಗಳ ಮೇಲಿಟ್ಟು ಮೂರು ವರ್ಷದಿಂದ ಬಟ್ಟೆ ಹರವುತ್ತಿದ್ದಳು. ಹೋದ ಶ್ರಾವಣದಲ್ಲಿ ಮರದಿಂದ ತೆಂಗಿನಕಾಯಿಯೊಂದು ಉದುರಿ ಅದರ ಮೇಲೆ ಬಿದ್ದಿತ್ತು. ಕಾಯಿಗೆ ಏನೂ ಆಗಿರಲಿಲ್ಲ. ಮೊನ್ನೆಯಿಂದ ಆ ಪೈಪು ಕಾಣೆಯಾಗಿತ್ತು. "ಯಾವನೋ ಗುಜರಿಯೋನು ಎತ್ಕಂಡೋಗಿರ್ಬೇಕು" ಎಂದಿದ್ದ ಚಲುವರಾಜು.

ನಿನ್ನೆಯ ಶ್ಯಾವಿಗೆಯ ಸಿಹಿ ಗಂಟಲಿಗೆ ಬಂದಂತಾಯಿತು. ಪವಿತ್ರ ಕಾಂಪೌಂಡಿನ ಪಕ್ಕಕ್ಕೆ ಹೋಗಿ ಉಗಿದು, ಸೆರಗಿನಲ್ಲಿ ಬಾಯೊರೆಸಿಕೊಂಡು, ಮೆಟ್ಟಿಲ ಕಂಬಿ ಮಾಡಿದ್ದ ವೆಲ್ಡಿಂಗ್ ಅಂಗಡಿಯ ಚೌಡಯ್ಯನಿಗೆ ಫೋನು ಮಾಡಿದಳು.

"ಚೌಡಯ್ಯಣ್ಣ, ಕಾರ್‌ಗೆ ಪೈಪ್ ಕೂರ್ಸಿದ್ದು ನೀವಾ?"

ಅತ್ತ ಕಡೆ ಗ್ರೈಂಡರಿನ ಸದ್ದು ನಿಂತಿತು. "ಅಣ್ಣ ಏಳ್ಬೇಡ ಅಂದಿದ್ರು ಕಣಕ್ಕ... ನಾನು ಒಂದ್ಸಲ ಅಲ್ಲ, ಎರಡ್ಸಲ ಏಳ್ದೆ. ಇದು ಮೆಟ್ಲಿಗೆ ಹಾಕೋ ಪೈಪು, ಕಾರ್ ತೂಕ ತಡಿಯಾಕಿಲ್ಲ ಅಂತ. ಪೋಟೋಕ್ ತಾನೇ, ಕೂರ್ಸ್ಲಾ ಅಂದ್ರು."

"ಬುಡಕ್ಕೇನ್ ಹಾಕಿದ್ದೀರಿ?"

"ನಾಕ್ ಸ್ಕ್ರೂ, ಅಕ್ಕ."

"ಚಾಸಿಗಾ?"

ಮತ್ತೆ ಗ್ರೈಂಡರು ಕೂಗತೊಡಗಿತು.

ಹಾಲು ಕರೆಯುವ ಹೊತ್ತಿಗೆ ಚಲುವರಾಜು ಬಂದ. ನಾಳೆ ಅವನದೂ ಒಂದೆರಡು ಫೋಟೊ ಇದ್ದುದರಿಂದ ಕಟಿಂಗ್ ಶಾಪಿಗೆ ಹೋಗಿ ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದ. ಕಿವಿಯ ಮೇಲೆ ಕರಿ ಬಣ್ಣ ಹರಿದು ಒಣಗಿತ್ತು.

"ಕಾರ್ ಒರ್ಸುದ್ಯಾ? ಇಲ್ಲಿ ನೀರ್ ಕಲೆ ಉಳ್ಕಂಡದೆ ನೋಡು."

"ಬಟ್ಟೆ ಪೈಪು ಸಿಕ್ತು" ಎಂದಳು ಪವಿತ್ರ.

"ಎಲ್ಲಿತ್ತು?"

"ನಿಮ್ ಮಗಳ ತಲೆ ಮ್ಯಾಲೆ."

ಅವನು ಒಂದು ಗಳಿಗೆ ಅವಳ ಮುಖ ನೋಡಿ, ಆಮೇಲೆ ನಕ್ಕ. "ಬಾಯ್ ಬುಟ್‌ಬುಟ್ನಾ ಚೌಡ? ನೋಡಮ್ಮಿ, ಮೈಸೂರ್‌ಗೆ ನಿಜವಾಗ್ಲೂ ಹೋಗಿದ್ದೆ. ಆವಯ್ಯ ಕರೀ ಪೈಪು, ಇಂದಕ್ಕೆರಡು ಕಾಲು, ಅಡ್ಡಕ್ಕೊಂದು ಕಂಬಿ ಅಂತಾನೆ. ಕ್ವಾಣ ಕಟ್ಟೋ ದೊಡ್ಡಿ ಆದಂಗಾಯ್ತದೆ. ಯಾವೋನ್ ತೆಗುಸ್ಕತ್ತಾನೆ ಅದ್ರಲ್ಲಿ ಪೋಟೋವ? ಇದ್ ನೋಡು, ಎಂಗ್ ಮಿಂಚ್ತದೆ!" ಕಮಾನನ್ನು ಅಂಗಿಯ ತೋಳಿನಿಂದ ಉಜ್ಜಿದ. "ನೆಗ್ಗು ಒಂದಿತ್ತು. ಇಂದ್ಗಡೆ ತಿರುಗ್ಸಿ ಕೂರ್ಸಿವ್ನಿ. ಪೋಟೋದಲ್ಲಿ ಒಂಚೂರೂ ಕಾಣಾಕಿಲ್ಲ."

ಪವಿತ್ರ ಅವನ ಕಿವಿಯ ಮೇಲಿನ ಕರಿ ಬಣ್ಣವನ್ನೇ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಈ ಕಿವಿಯ ಪಕ್ಕದಲ್ಲಿ ಮಲಗಿದ್ದೇನೆ ಎಂದುಕೊಂಡಾಗ ಅವಳಿಗೆ ತನ್ನ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಬೇಕೆನಿಸಿತು.

"ಮಗುಚ್ಕಂಡ್ರೆ?"

"ಥೂ, ಬುಡ್ತು ಅನ್ನು. ಮದ್ವೆ ಮನೇಲಿ ಆಡೋ ಮಾತಾ ಅದು?"

ಮುಖಕ್ಕೆ ಕಡಲೆಹಿಟ್ಟು ಮೆತ್ತಿಕೊಂಡು ಜಗುಲಿಯ ಮೇಲೆ ಕೂತಿದ್ದ ಚೈತ್ರ, ಹಿಟ್ಟು ಬಿರಿಯದಂತೆ ತುಟಿ ಅಲುಗಿಸದೆ ಮಾತಾಡಿದಳು. "ಅಮ್ಮ, ನಿಧಾನವಾಗೇ ಓಡಿಸ್ತೀನಿ ಕಣಮ್ಮ. ಹತ್ತು ನಿಮಿಷದ ಕೆಲ್ಸ. ಗಟ್ಟಿಯಾಗೇ ಅದೆ ಅಂತ ಅಪ್ಪ ಹೇಳಿಲ್ವಾ?"

"ಅಂಗ್ ಏಳು, ಮಗ" ಎಂದ ಚಲುವರಾಜು. "ಆನೆ ತಂದ್ ಕಟ್ಟುದ್ರೂ ಅಲ್ಲಾಡಾಕಿಲ್ಲ."

ಪವಿತ್ರ ಕೊಟ್ಟಿಗೆಗೆ ಹೋಗಿ ಕಮಲಿಯನ್ನು ಬಿಚ್ಚಿದಳು. ಕಪ್ಪು ಬಿಳಿ ಮಚ್ಚೆಯ ದೊಡ್ಡ ಸೀಮೆಹಸು. ಸಂಜೆಯ ಬೂಸ ಸಿಗದೆ ಆಗಲೇ ಎರಡು ಸಲ ಕೂಗಿತ್ತು. ಅದರ ಹಣೆ ಸವರುತ್ತ ಅಂಗಳಕ್ಕೆ ತಂದು, ಕೊರಳ ಹಗ್ಗವನ್ನು ಕಮಾನಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಗೂಟಕ್ಕೆ ದಿನಾ ಹಾಕುವ ಗಂಟೇ. ಆಮೇಲೆ ಬೂಸ ಕಲೆಸಿದ್ದ ನೀಲಿ ಟಬ್ಬನ್ನು ಎತ್ತಿ ತಂದು ಹತ್ತು ಹೆಜ್ಜೆ ದೂರದಲ್ಲಿ, ಬಟ್ಟೆ ಒಗೆಯುವ ಚಪ್ಪಡಿ ಕಲ್ಲಿನ ಪಕ್ಕದಲ್ಲಿ ಇಟ್ಟಳು.

"ಲೇ, ಲೇ, ಏನಮ್ಮಿ ಇದು? ಹಸ ತಂದು ಕಾರ್‌ಗ್ ಕಟ್ತಾರಾ? ಪೇಂಟ್ ಓಯ್ತದೆ!"

"ಆನೆ ಎಲ್ಲಿಂದ ತರ್ಲಿ? ಇರೋದು ಹಸ" ಎಂದಳು ಪವಿತ್ರ. "ಕಾರು ಇದ್ರ ಎರಡರಷ್ಟು ತೂಕ ಅದೆ."

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಚಿಕ್ಕಬೋರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. "ಮುಟ್ಬೇಡ್ಲಾ ಚಲುವ. ಕಟ್ಟವ್ಳಲ್ಲ, ನೋಡಾನ ಬುಡು."

ಚಲುವರಾಜು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಕಮಲಿಗೆ ಬೂಸದ ವಾಸನೆ ಬಡಿದಿತ್ತು. ಅದು ಜಗ್ಗಲೂ ಇಲ್ಲ, ಒದೆಯಲೂ ಇಲ್ಲ. ಕತ್ತು ತಗ್ಗಿಸಿ, ಟಬ್ಬಿನ ಕಡೆಗೆ ಒಂದು ಹೆಜ್ಜೆ ಇಟ್ಟಿತು, ಅಷ್ಟೆ. ಕಮಾನು ಮುಂದಕ್ಕೆ ವಾಲಿತು. ಎರಡನೆಯ ಹೆಜ್ಜೆಗೆ ಬಗ್ಗಿಸಿದ ಮೂಲೆ ಕಾಗದದ ಹಾಗೆ ಮಡಿಚಿಕೊಂಡಿತು. ಸೀಟಿನ ಹಿಂದಿನಿಂದ ಸ್ಕ್ರೂಗಳು ಒಂದೊಂದಾಗಿ ಸಿಡಿದವು. ಒಂದು ಬಂದು ಜಗುಲಿಯ ಮೇಲೆ, ಚೈತ್ರಳ ಕಾಲ ಬಳಿ ಬಿತ್ತು. ಮೂರನೆಯ ಹೆಜ್ಜೆಗೆ ಇಡೀ ಕಮಾನು ಕಿತ್ತುಬಂದು, ಕೆಂಪು ಬಾಗಿಲಿನ ಮೇಲೆ ಉದ್ದಕ್ಕೆ ಬಿಳಿ ಗೀರೆಳೆದು ನೆಲಕ್ಕೆ ಉರುಳಿತು.

ಕಮಲಿ ಅದನ್ನು ಎಳೆದುಕೊಂಡೇ ಹೋಗಿ ಟಬ್ಬಿಗೆ ಮೂತಿ ಇಟ್ಟಿತು.

"ಬಾಗ್ಲು ನೋಡೇ, ಬಾಗ್ಲು ನೋಡು!" ಚಲುವರಾಜು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಉಗುಳು ಹಚ್ಚಿ ಗೀರನ್ನು ಉಜ್ಜತೊಡಗಿದ. "ಇದನ್ನ ಪೋಟೋದಲ್ಲಿ ಎಂಗ್ ಮರೆ ಮಾಡನ ಈಗ?"

ಪವಿತ್ರ ಹಸುವಿನ ಕೊರಳ ಕೆಳಗೆ ಕೈಯಾಡಿಸಿ, ಹಗ್ಗ ಎಲ್ಲಾದರೂ ತರಚಿದೆಯೇ ಎಂದು ನೋಡುತ್ತಿದ್ದಳು. ಏನೂ ಆಗಿರಲಿಲ್ಲ.

ಚೈತ್ರ ಜಗುಲಿಯಿಂದ ಇಳಿದು ಬಂದಳು. ಮುಖದ ಹಿಟ್ಟು ಬಾಯ ಸುತ್ತ ಬಿರಿದು ಉದುರುತ್ತಿತ್ತು. ಅಪ್ಪನನ್ನು ದಾಟಿ ಹೋಗಿ, ಟಬ್ಬಿನ ಪಕ್ಕ ಕೂತು, ಮಡಿಚಿದ ಪೈಪನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅದು ಅಷ್ಟು ಹಗುರವಿರುತ್ತದೆಂದು ಅವಳು ಎಣಿಸಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡುತ್ತ ತೆಂಗಿನಕಾಯಿ ಬಿದ್ದ ನೆಗ್ಗನ್ನು ಕಂಡು ಅದರೊಳಗೆ ಹೆಬ್ಬೆರಳಿಟ್ಟಳು. ಬೆರಳು ಸರಿಯಾಗಿ ಕೂತಿತು.

"ಅಮ್ಮ" ಎಂದಳು, ಬೆರಳು ತೆಗೆಯದೆ. "ಬೆಳಗ್ಗೆ ಶ್ರೀರಂಗಪಟ್ಟಣಕ್ಕೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"

ಕಮಲಿ ತಲೆ ಎತ್ತದೆ ಬೂಸ ತಿನ್ನುತ್ತಿತ್ತು. ಅದು ಮೂತಿ ಆಡಿಸಿದಾಗಲೆಲ್ಲ ಹಗ್ಗ ಎಳೆದು, ಪೈಪಿನ ತುದಿ ಚಪ್ಪಡಿ ಕಲ್ಲಿಗೆ ತಗಲಿ, ಖಾಲಿ ಲೋಟದ ಹಾಗೆ ಸಣ್ಣಗೆ ಸದ್ದು ಮಾಡುತ್ತಿತ್ತು.