ಲೈಟ್ ಆರಿದರೆ ಎಂಜಿನ್ ತಣಿಯುತ್ತದೆಯೇ?

ತಮ್ಮನ ಮೇಲೆ ಅಕ್ಕನಿಗೆ ಅನುಮಾನ ಹುಟ್ಟಿದ್ದು ಅವನ ಕಾಲು ನೋಡಿ. ಸಂಜೆ ಅವನು ಕಾಲುಚೀಲ ಕಳಚಿದಾಗ ಕಣಕಾಲಿನ ಸುತ್ತ ಅದರ ಗುರುತು ಅಚ್ಚೊತ್ತಿದಂತೆ ಉಳಿದಿತ್ತು.

"ಬಾತಿದೆಯಲ್ಲೋ!"

"ಕಾಲುಚೀಲ ಬಿಗಿ ಅಕ್ಕ" ಎಂದು ಹಲ್ಲು ಕಿರಿದ. ಹಲ್ಲು ಕಿರಿದನೆಂದರೆ ಏನೋ ಮುಚ್ಚಿಡುತ್ತಿದ್ದಾನೆಂದೇ ಲೆಕ್ಕ. ಚಿಕ್ಕಂದಿನಿಂದ ಬಂದ ಚಾಳಿ ಅದು.

ತನ್ನದೊಂದು ಕಿಡ್ನಿಯನ್ನು ತಮ್ಮನಿಗೆ ಕೊಟ್ಟ ಅಕ್ಕ ಈಕೆ. ಅಂದಿನಿಂದ ಅವನ ಊಟ, ನಿದ್ದೆ, ಮಾತ್ರೆ ಎಲ್ಲದರಲ್ಲೂ ಮೂಗು ತೂರಿಸುವ ಹಕ್ಕು ತನಗಿದೆ ಎಂದೇ ನಂಬಿದ್ದಳು. ನಂಬದೆ ಏನು ಮಾಡಿಯಾಳು, ತನ್ನ ದೇಹದ ತುಂಡೇ ಅಲ್ಲಿರುವಾಗ?

ಮರುದಿನ ತನ್ನ ಇಸ್ತ್ರಿ ಅಂಗಡಿಯನ್ನು ಬೇಗ ಮುಚ್ಚಿ ಹೇಳದೆ ಕೇಳದೆ ಅವನ ಗ್ಯಾರೇಜಿಗೆ ಹೋದಳು. ತಮ್ಮ ಕಾರುಗಳ ವೈರಿಂಗ್ ಕೆಲಸ ಮಾಡುವವನು. ಗಿರಾಕಿಯೊಬ್ಬರ ಮೇಲೆ ರೇಗುತ್ತಿದ್ದ.

"ಎಂಜಿನ್ ಬಿಸಿ ಆಗಿದೆ ಅಂತ ಕೆಂಪು ಲೈಟ್ ಹತ್ತಿದ್ರೆ, ಲೈಟಿನ ವೈರ್ ಕತ್ತರಿಸು ಅಂತೀರಲ್ಲ ಸ್ವಾಮಿ! ಲೈಟೇನೋ ಆರುತ್ತೆ. ಎಂಜಿನ್ ಸುಟ್ಟು ಹೋಗುತ್ತೆ, ಆಮೇಲೆ?"

ಅವನು ಆ ಕಡೆ ಕೂಗಾಡುತ್ತಿದ್ದಂತೆ ಅಕ್ಕ ಈ ಕಡೆ ಕಪಾಟು ಜಾಲಾಡಿದಳು. ಹಳೆ ಬ್ಯಾಟರಿಗಳ ಹಿಂದೆ ದಪ್ಪನೆಯ ಡಬ್ಬಿಯೊಂದು ಸಿಕ್ಕಿತು. ಪಕ್ಕದಲ್ಲಿ ಬಿಪಿ ಮಾತ್ರೆ, ಒಂದನ್ನೂ ಮುಟ್ಟಿರಲಿಲ್ಲ.

"ಏನೋ ಇದು?"

ತಮ್ಮನ ಮುಖ ಪೆಚ್ಚಾಯಿತು. "ವಿಟಮಿನ್ ಅಕ್ಕ, ಹೃದಯಕ್ಕೆ ಒಳ್ಳೇದು. ಬಿಡಿಭಾಗದ ಅಂಗಡಿಯವರು ಹೇಳಿದ್ರು. ರಕ್ತದಲ್ಲಿ ಹೃದಯಕ್ಕೆ ಕೆಟ್ಟದ್ದು ಅನ್ನೋ ಒಂದು ಅಂಶ ಇರುತ್ತಂತೆ, ಇದು ಅದನ್ನ ಇಳಿಸುತ್ತೆ. ಟೆಸ್ಟ್ ಮಾಡಿಸಿದೆ. ನಿಜವಾಗ್ಲೂ ಇಳಿದಿದೆ!"

"ಬಿಪಿ ಮಾತ್ರೆ ಯಾಕೆ ಹಾಗೇ ಇದೆ?"

"ತಲೆ ಸುತ್ತುತ್ತೆ. ಹೃದಯ ಕಾಯೋಕೆ ಇದು ಇದೆಯಲ್ಲ, ಅದ್ಯಾಕೆ ಅಂತ..."

ಅಕ್ಕ ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಕಸಿ ಮಾಡಿದ ಕಿಡ್ನಿ ಉಳಿಸೋ ಮಾತ್ರೆ?"

"ಅದನ್ನ ತಪ್ಪಿಸಿಲ್ಲ, ನಿನ್ನಾಣೆ."

ಆಣೆಯನ್ನು ಅವಳು ನಂಬಲಿಲ್ಲ. ಆ ಮಾತ್ರೆಗಳನ್ನೂ ತರಿಸಿ ಎಣಿಸಿ, ಲೆಕ್ಕ ಸರಿಯಿದೆ ಎಂದು ಕಂಡ ಮೇಲೆಯೇ ಉಸಿರು ಬಿಟ್ಟದ್ದು. ಅಲ್ಲಿಂದ ನೇರ ಆಸ್ಪತ್ರೆಗೆ ಹೊರಡಿಸಿದಳು.

ದಾರಿಯುದ್ದಕ್ಕೂ ತಮ್ಮನ ಗೊಣಗಾಟ. "ಒಳ್ಳೇ ವಿಟಮಿನ್ ಇದ್ರೂ ಈ ಡಾಕ್ಟರುಗಳು ಹೇಳಲ್ಲ. ನಾವು ಹುಷಾರಾಗಿಬಿಟ್ರೆ ಅವರ ವ್ಯಾಪಾರ ನಡೆಯೋದು ಹೇಗೆ!"

ಹೌದಿರಬಹುದೇ ಎಂದು ಅಕ್ಕನಿಗೂ ಒಳಗೊಳಗೆ ಅನ್ನಿಸಿತು. ಹಾಗಾಗಿ ಕಸಿ ವಿಭಾಗದ ನರ್ಸ್ ಎದುರು ಕೂರುತ್ತಲೇ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ಇದನ್ನ ನೀವ್ಯಾಕೆ ಕೊಡಲಿಲ್ಲ?" ಎಂದು ಕೇಳಿಯೇಬಿಟ್ಟಳು.

ನರ್ಸ್ ಡಬ್ಬಿಯ ಮೇಲಿನ ಚೀಟಿ ಓದಿ, ತಮ್ಮನ ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. ಅವರ ಮುಖ ಗಂಭೀರವಾಯಿತು.

"ನೀವು ಕೇಳಿದ್ದು ಸರಿ ಅಮ್ಮ. ವಿಟಮಿನ್‌ನಿಂದ ಹೃದಯ ಉಳೀಬಹುದು ಅಂತ ಡಾಕ್ಟರುಗಳಿಗೂ ಆಸೆ ಇತ್ತು. ಕಿಡ್ನಿ ಕಸಿಯಾದ ಸಾವಿರಾರು ಜನಕ್ಕೆ ಈ ಡಬ್ಬಿಯಲ್ಲಿರೋ ಫೋಲಿಕ್ ಆಸಿಡ್, ಬಿ6, ಬಿ12 ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ವರ್ಷಗಟ್ಟಲೆ ನೋಡಿದ್ರು. ರಕ್ತದಲ್ಲಿ ಹೃದಯಕ್ಕೆ ಕೆಟ್ಟದ್ದು ಅನ್ನೋ ಅಂಶ ಇಳೀತು. ಆದ್ರೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಕಡಿಮೆ ಆಗಲಿಲ್ಲ."

"ಅದು ಹೇಗೆ?" ತಮ್ಮ ಬಿಡಲಿಲ್ಲ. "ನಂಬರ್ ಇಳಿದ ಮೇಲೆ ಹೃದಯ ಉಳೀಬೇಕಲ್ಲ!"

ಅಕ್ಕ ಅವನತ್ತ ತಿರುಗಿದಳು. "ಆಗಲೇ ಆ ಗಿರಾಕಿಗೆ ಏನಂದೆ? ಅದನ್ನೇ ಇನ್ನೊಂದ್ಸಲ ಹೇಳು."

"ವೈರ್ ಕತ್ತರಿಸಿದ್ರೆ ಲೈಟೇನೋ ಆರುತ್ತೆ, ಎಂಜಿನ್ ಬಿಸಿ ಹಾಗೇ..." ಎಂದವನು ಅಲ್ಲಿಗೇ ನಿಲ್ಲಿಸಿ ತಲೆ ತಗ್ಗಿಸಿದ.

"ನಿಮ್ಮ ಎಂಜಿನ್ ಈಗ ಬಿಸಿಯಾಗಿಯೇ ಇದೆ" ಎಂದರು ನರ್ಸ್. "ಬಿಪಿ ಏರಿದ್ರೆ ಹೃದಯಕ್ಕೂ ಪೆಟ್ಟು, ಅಕ್ಕ ಕೊಟ್ಟ ಕಿಡ್ನಿಗೂ ಪೆಟ್ಟು. ಮಾತ್ರೆಯಿಂದ ತಲೆ ಸುತ್ತಿದ್ರೆ ನಮಗೆ ಹೇಳಿ, ಡಾಕ್ಟರು ಬೇರೆ ಕೊಡ್ತಾರೆ. ನೀವೇ ನಿಲ್ಲಿಸಬೇಡಿ."

ಡಾಕ್ಟರು ಪರೀಕ್ಷಿಸಿ ಬಿಪಿ ಮಾತ್ರೆ ಬದಲಿಸಿದರು, ರಕ್ತಪರೀಕ್ಷೆ ಬರೆದರು. ಡಬ್ಬಿಯ ವಿಟಮಿನ್ ಇವನಿಗೆ ಬೇಕಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಕುಳಿತಾಗ ತಮ್ಮ ಮೆಲ್ಲಗೆ ಕೇಳಿದ, "ಅಕ್ಕ, ಕಿಡ್ನಿ ಕೆಟ್ಟೋಗಿದ್ರೆ?"

"ನನ್ನ ಹತ್ರ ಉಳಿದಿರೋದು ಒಂದೇ ಕಣೋ" ಎಂದಳು ಅಕ್ಕ. "ಅದು ನನಗೇ ಬೇಕು." ಇಷ್ಟು ಹೊತ್ತು ಗದರುತ್ತಿದ್ದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ತಮ್ಮ ಅವಳ ಕೈ ಹಿಡಿದುಕೊಂಡ. ಈ ಸಲ ಹಲ್ಲು ಕಿರಿಯಲಿಲ್ಲ.

ಪುಣ್ಯಕ್ಕೆ ಕಿಡ್ನಿಗೆ ಏನೂ ಆಗಿರಲಿಲ್ಲ. ಕಾಲಿನ ಬಾವು ಇಳಿಯಿತು, ಬಿಪಿ ಹತೋಟಿಗೆ ಬಂತು. ಆದರೂ ಅಕ್ಕ ಆಗಾಗ ಗ್ಯಾರೇಜಿಗೆ ಹೋಗಿ ಬ್ಯಾಟರಿಗಳ ಹಿಂದೆ ಕೈಯಾಡಿಸಿ ಬರುತ್ತಾಳೆ. ಈಗ ಅಲ್ಲಿ ಧೂಳು ಬಿಟ್ಟರೆ ಏನೂ ಸಿಗುವುದಿಲ್ಲ.

ನಿಮ್ಮ ಮನೆಯಲ್ಲೂ ಕಿಡ್ನಿ ಕಸಿಯಾದವರಿದ್ದಾರೆಯೇ? ಹಾಗಿದ್ದರೆ ಈ ಅಕ್ಕನಷ್ಟೇ ಅನುಮಾನ ನಿಮಗೂ ಇರಲಿ. ಯಾರೋ ಹೇಳಿದ ಮಾತ್ರೆ, ಪುಡಿ, ಟಾನಿಕ್ ಏನೇ ಇರಲಿ, ಬಾಯಿಗೆ ಹಾಕುವ ಮೊದಲು ಕಸಿ ವೈದ್ಯರಿಗೆ ತೋರಿಸಿ. ವೈದ್ಯರೇ ಬರೆದ ವಿಟಮಿನ್ ಇದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ, ಉಪ್ಪು ಕಡಿಮೆಯಾಗಲಿ, ಬೀಡಿ ಸಿಗರೇಟು ಬೇಡವೇ ಬೇಡ. ಕಸಿಯ ಮಾತ್ರೆಯನ್ನಂತೂ ಒಂದು ಹೊತ್ತೂ ತಪ್ಪಿಸಬೇಡಿ. ಕಿಡ್ನಿ ಕೊಟ್ಟವರ ಬಳಿ ಇನ್ನೊಂದು ಕೇಳುವಂತಿಲ್ಲ.