ಬಾವಿಗೆ ಬಿದ್ದ ಗುಬ್ಬಿ ಮತ್ತು ನಾನು

ನಾನು ಒಂದು ಮೈಕು. ಬಲವಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಅಲ್ಯೂಮಿನಿಯಂ ಪಟ್ಟಿಯನ್ನು ಬಿಗಿದ ದಿನ ನಾನು ಹುಟ್ಟಿದೆ. ಗಾಳಿ ಕಂಪಿಸಿದರೆ ಪಟ್ಟಿ ಕಂಪಿಸುತ್ತದೆ. ಪಟ್ಟಿ ಕಂಪಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ನನ್ನ ಬದುಕು ಇಷ್ಟೇ.

ಮೊದಲು ಮುಂಬಯಿಯ ಧ್ವನಿಮುದ್ರಣದವರ ಬಳಿ ಇದ್ದೆ. ಗಾಯಕರು ಗಂಟಲು ಸರಿಮಾಡಿಕೊಳ್ಳುವುದನ್ನೇ ಹೆಚ್ಚಾಗಿ ಕೇಳಿದೆ. ಆಮೇಲೆ ಧಾರವಾಡದ ಬಾನುಲಿ ಕೇಂದ್ರದ ಮಕ್ಕಳ ಕೋಣೆಗೆ ಬಂದೆ. ಅಲ್ಲಿ ನೀಲಾಂಬಿಕಾ ಹಂಚಿನಮನಿ ಸಿಕ್ಕರು. ಶಾಲೆಯ ಅಕ್ಕೋರು; ಮಕ್ಕಳಿಗೆ ನೀಲಕ್ಕ. ಪ್ರತಿ ಭಾನುವಾರ ಸಂಜೆ ಮಕ್ಕಳನ್ನು ಮುಂದೆ ಕೂರಿಸಿಕೊಂಡು, ಕೈಯಲ್ಲಿ ಕಾಗದವಿಲ್ಲದೆ ನೇರ ಪ್ರಸಾರದಲ್ಲಿ ಕತೆ ಹೇಳುತ್ತಿದ್ದರು.

ಅವರ ಗಂಟಲಿನ ಗಡ್ಡೆಯನ್ನು ವೈದ್ಯರಿಗಿಂತ ಮೊದಲು ಗುರುತಿಸಿದ್ದು ನಾನು. ದೀರ್ಘ ಸ್ವರಗಳ ತುದಿಯಲ್ಲಿ ಸಣ್ಣ ಬಿರುಕು ಕೇಳತೊಡಗಿತ್ತು. ಆ ಭಾನುವಾರ ಅವರು ಕತೆಗೆ ಬಂದಾಗ ಶಸ್ತ್ರಚಿಕಿತ್ಸೆ ಮರುದಿನವೇ ಇತ್ತು, ಮಾತು ಉಳಿಯುವ ಭರವಸೆ ಇರಲಿಲ್ಲ. ಹಿಂದಿನ ವಾರವಷ್ಟೇ ಕತೆಯ ಗುಬ್ಬಿಮರಿ ಬಾವಿಗೆ ಬಿದ್ದಿತ್ತು.

“ನೀಲಕ್ಕ, ಗುಬ್ಬಿ ಸಾಯ್ತದೇನ್ರಿ?” ಮುಂದೆ ಕುಳಿತ ಹುಡುಗಿಯೊಬ್ಬಳು ಕೇಳಿದಳು.

“ಈಗ ಹೇಳಿದ್ರ ನೀ ಮನಿಗೆ ಓಡಿ ಹೋಗ್ತಿ. ಸುಮ್ನ ಕೂಡು.”

ಉದ್ಘೋಷಕ ಬಸೆಟ್ಟೆಪ್ಪ ಕಮತರ ಅವರತ್ತ ಬಾಗಿ ಮೆಲ್ಲಗೆ ಅಂದರು: “ಅಕ್ಕೋರ, ದನಿ ಭಾಳ ಕೆಟ್ಟೈತಿ. ಇವತ್ತ ಹಾಡು ಹಾಕೂಣೇನ್ರಿ?”

“ಗುಬ್ಬೀನ ಬಾವ್ಯಾಗ ಬಿಟ್ಟು ನಿಮಗ ನಿದ್ದಿ ಬರ್ತದೇನು?”

“ನಿದ್ದಿ ಎಲ್ಲಿಂದ್ರಿ, ನನ್ನ ಮಗಳು ಮನಿಯೊಳಗ ಬಿಟ್ಟುಕೊಳ್ಳಾಂಗಿಲ್ಲ!”

ಬಸೆಟ್ಟೆಪ್ಪ ಗಾಜಿನಾಚೆಯ ಕೋಣೆಗೆ ಹೋದರು; ಪ್ರಸಾರದ ಕೆಂಪು ದೀಪ ಹತ್ತಿತು. ಬಾವಿಯ ಕತ್ತಲೆ, ಪಾಚಿ, ಕಲ್ಲಿನ ಸಂದಿಯಲ್ಲಿ ನಡುಗುವ ಮರಿ ಒಂದೊಂದಾಗಿ ಬಂದವು. “ಆಗ ಗುಬ್ಬಿ ಮ್ಯಾಲ ನೋಡಿ...” ಎಂದರು. ದನಿ ನಿಂತುಹೋಯಿತು.

ತುಟಿ ಆಡುತ್ತಿತ್ತು, ಉಸಿರು ಮಾತ್ರ ಬರುತ್ತಿತ್ತು. ಬಾನುಲಿಯಲ್ಲಿ ಮೌನಕ್ಕಿಂತ ದೊಡ್ಡ ಭಯವಿಲ್ಲ. ಗಾಜಿನಾಚೆ ಬಸೆಟ್ಟೆಪ್ಪನವರು ಹಾಡಿನ ತಟ್ಟೆ ಹಾಕಲು ಕೈ ಚಾಚಿದರು. ನೀಲಕ್ಕ ಬೇಡವೆಂದು ಕೈ ಎತ್ತಿದರು.

ಸೆರಗನ್ನು ಎರಡು ಕೈಯಲ್ಲಿ ಹಿಡಿದು ನನ್ನ ಹತ್ತಿರ ತಂದು ಒಮ್ಮೆ ಕೊಡವಿದರು. ಪಟ್. ಇನ್ನೊಮ್ಮೆ. ಪಟ್. ಆಮೇಲೆ ಪಟಪಟನೆ, ಬಿಡದೆ. ಕೊಡವುತ್ತಲೇ ಒಂದೊಂದು ಹೆಜ್ಜೆ ಹಿಂದೆ ಸರಿದರು. ದೂರ ಹೆಚ್ಚಿದಂತೆ ಸದ್ದು ತೆಳುವಾಯಿತು. ಬಾಗಿಲ ಬಳಿ ಇನ್ನಿಲ್ಲವೆಂಬಷ್ಟು ಸಣ್ಣದಾಯಿತು.

“ಹಾರ್ತು! ಹೊರಗ ಬಂತು!” ಮಕ್ಕಳ ಕೂಗಿಗೆ ನನ್ನ ಪಟ್ಟಿ ಹರಿಯುವುದೊಂದು ಬಾಕಿ.

ನೀಲಕ್ಕನ ದನಿ ಮತ್ತೆ ಬರಲಿಲ್ಲ. ಕತೆಗಳನ್ನು ಬರೆದರು, ಪುಸ್ತಕಗಳು ಮನೆಮನೆಗೂ ಹೋದವು, ಹೆಸರಾಯಿತು. ನನ್ನ ಜಾಗಕ್ಕೆ ಹೊಸ ಮೈಕು ಬಂತು. ಈಗ ಗಾಜಿನ ಕಪಾಟಿನಲ್ಲಿದ್ದೇನೆ. ನೋಡಲು ಬಂದವರು ಆ ದನಿ ನನ್ನೊಳಗೆ ಇನ್ನೂ ಉಳಿದಿದೆಯೆಂದು ಕಿವಿಗೊಡುತ್ತಾರೆ. ಮೈಕು ಏನನ್ನೂ ಕೂಡಿಡುವುದಿಲ್ಲ, ದಾಟಿಸುತ್ತದೆ. ಗುಬ್ಬಿ ನನ್ನನ್ನು ದಾಟಿ ಹೋಯಿತು. ಎಲ್ಲಿ ಇಳಿಯಿತೆಂಬುದನ್ನು ಅಂದು ಕೇಳಿದ ಮಕ್ಕಳೇ ಹೇಳಬೇಕು.