ಹಾಲಮ್ಮನ ಇಸ್ತ್ರಿಪೆಟ್ಟಿಗೆ

ದ್ಯಾಮಮ್ಮ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಇಸ್ತ್ರಿಪೆಟ್ಟಿಗೆಯ ಬೂದಿ ಕೆಡವುತ್ತಿದ್ದಳು. ಒಳಗೆ ನಡುಮನೆಯಲ್ಲಿ ಅವಳ ವಾರಗಿತ್ತಿ ಹಾಲಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಗಂಡಸರು ಗುಣಿ ತೋಡಲು ಹೋಗಿದ್ದರು.

"ಅಲ್ಲಾ ದ್ಯಾಮಮ್ಮ, ಹೆಣ ಒಳಗೈತೆ, ನಿಂಗೆ ಇಸ್ತ್ರಿಪೆಟ್ಟಿಗೆ ಹೆಚ್ಚಾತಾ?" ಪಕ್ಕದ ಮನೆಯ ಬಸಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಬೂದಿ ಹಂಗೇ ಬಿಟ್ರೆ ತುಕ್ಕು ಹಿಡಿತೈತೆ, ಬಸಕ್ಕ."

ಬಸಮ್ಮ ಒಳಗೆ ಹೋಗಿ ಹೆಂಗಸರ ನಡುವೆ ಕೂತು, "ಕಣ್ಣಾಗೆ ಒಂದು ಹನಿ ನೀರಿಲ್ಲ ನೋಡ್ರಿ" ಎಂದದ್ದು ಹಿತ್ತಲಿಗೂ ಕೇಳಿಸಿತು. ದ್ಯಾಮಮ್ಮ ತಲೆ ಎತ್ತಲಿಲ್ಲ. ಮಳೆಗಾಲದಿಂದ ಹಾಸಿಗೆ ಹಿಡಿದಿದ್ದ ಹಾಲಮ್ಮನನ್ನು ಎತ್ತಿ, ಮಲಗಿಸಿ, ಹೊರಳಿಸಿ ಅವಳ ರಟ್ಟೆಗಳು ಸೋತಿದ್ದವು. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು.

ಹೊತ್ತು ಏರುವಾಗ ಹಾಲಮ್ಮನ ಅಣ್ಣ ಚಿತ್ರಲಿಂಗಪ್ಪ ರಾಮಗಿರಿಯಿಂದ ಬಂದ. ತಂಗಿಯ ಮುಖ ನೋಡಿ ಕುಸಿದು ಕೂತವನು, ಅತ್ತು ಮುಗಿದ ಮೇಲೆ ಸಿಟ್ಟಿಗೆದ್ದ.

"ನಮ್ಮನೇಗೆ ಬಾ ಅಂದೆ, ಬರ್ಲಿಲ್ಲ. ಇಲ್ಲಿ ಊರೋರ ಕೌದಿ ಹೊಲ್ದು ಹೊಲ್ದು ಸತ್ಲು. ನಾನು ಕೊಡಿಸಿದ್ ಇಸ್ತ್ರಿಪೆಟ್ಟಿಗೆ ಎಲ್ಲೈತೆ? ಅದೊಂದಾದ್ರೂ ನಮ್ಮನೇಗೆ ಬರ್ಲಿ."

*

ಗಂಡ ಸತ್ತ ವರ್ಷ ತವರಿಗೆ ಕರೆಯಲು ಬಂದ ಅಣ್ಣನಿಗೆ ಹಾಲಮ್ಮ ಹೇಳಿದ್ದು ಒಂದೇ ಮಾತು: "ತವರು ಬ್ಯಾಡಣ್ಣ, ಒಂದು ಇಸ್ತ್ರಿಪೆಟ್ಟಿಗೆ ಕೊಡಿಸು."

ಚಿತ್ರದುರ್ಗದ ಪೇಟೆಗೆ ದ್ಯಾಮಮ್ಮನೂ ಜೊತೆಗೆ ಹೋಗಿದ್ದಳು. ಚಿತ್ರಲಿಂಗಪ್ಪ ಹಗುರವಾದ, ಹಿಡಿಗೆ ಬಣ್ಣ ಬಳಿದ ಒಂದನ್ನು ಎತ್ತಿಕೊಟ್ಟ. ಹಾಲಮ್ಮ ಅದನ್ನು ಪಕ್ಕಕ್ಕಿಟ್ಟು, ಮೂಲೆಯಲ್ಲಿದ್ದ ಕಪ್ಪು ಕಬ್ಬಿಣದ್ದನ್ನು ಎರಡೂ ಕೈಯಿಂದ ಎತ್ತಿದಳು. ತಳದ ಮೇಲೆ ಅಂಗೈ ಆಡಿಸಿ ನೋಡಿದಳು. ಎಲ್ಲೂ ತರಿ ಇರಲಿಲ್ಲ. ಕೆಂಡ ಹಾಕಿಸಿ, ಮುಚ್ಚಳ ಮುಚ್ಚಿ, ಸಂದಿಯಲ್ಲಿ ಕಿಡಿ ಹಾರುತ್ತದೆಯೇ ಎಂದು ಬಗ್ಗಿ ನೋಡಿದಳು.

"ಇಷ್ಟು ಭಾರದ್ದು ನಿನ್ ಕೈಲಿ ಆಗ್ತೈತೇನೆ?" ಎಂದ ಅಣ್ಣ.

"ಕೌದಿ ಅಂದ್ರೆ ಏಳೆಂಟು ಪದರ, ಅಣ್ಣ. ಹಗುರಾದ್ದು ಮ್ಯಾಲೆ ತೇಲಿ ಹೋಗ್ತೈತೆ. ಹೊಲಿಗೆ ಕೂರಬೇಕಂದ್ರೆ ಭಾರಾನೇ ಬೇಕು."

*

ದ್ಯಾಮಮ್ಮ ಪೆಟ್ಟಿಗೆಯನ್ನು ತಂದು ಚಿತ್ರಲಿಂಗಪ್ಪನ ಮುಂದಿಟ್ಟಳು.

"ತಗಂಡು ಹೋಗ್ರಿ ಅಣ್ಣಾರೆ. ನಂಗೂ ಇನ್ನ ಎತ್ತಾಕಾಗಲ್ಲ. ದಿನಾ ಸಂಜೆ ಬೂದಿ ಕೆಡವ್ರಿ. ತಳ ಕರಕಾದ್ರೆ ಉಜ್ಜಬ್ಯಾಡ್ರಿ, ಬಿಸಿ ಇದ್ದಾಗ್ಲೇ ಜೇನುಮೇಣದ ಬಟ್ಟೆ ಮೇಲೆ ಎಳೀರಿ. ಮಳೆಗಾಲ್ದಾಗೆ ಹರಳೆಣ್ಣೆ ಸವರಿಡ್ರಿ."

ಅವನು ಮುಚ್ಚಳ ತೆಗೆದು ನೋಡಿದ. ಒಳಗೆ ಚಿಟಿಕೆ ಬೂದಿಯೂ ಇರಲಿಲ್ಲ. ತಳ ಪೇಟೆಯಲ್ಲಿ ಕೊಂಡ ದಿನದಂತೆಯೇ ನುಣುಪಾಗಿತ್ತು.

"ಅವಳು ಮಲಗಿ ಇಷ್ಟು ದಿನ ಆತು. ಇದನ್ನ ಯಾರು ನೋಡ್ಕಂಡ್ರು?"

"ಅವ್ವ" ಎಂದ ದ್ಯಾಮಮ್ಮನ ಮಗ ಮುರುಗಪ್ಪ. "ದೊಡ್ಡವ್ವನ ಕಾಲು ತಣ್ಣಗಾಗ್ತಿದ್ವು ಮಾವ. ಅವ್ವ ಇದ್ರಾಗೆ ಕೆಂಡ ತುಂಬಿ, ಕೌದಿ ಸುತ್ತಿ, ಕಾಲತ್ರ ಇಡ್ತಿದ್ಲು. ನಿನ್ನೇನೂ ಇಟ್ಟಿದ್ಲು."

*

ಅದನ್ನು ದ್ಯಾಮಮ್ಮ ಕಲಿತದ್ದು ಹಾಲಮ್ಮನಿಂದಲೇ. ಪ್ಲೇಗು ಬಂದು ಅವರ ಊರು ಹೊಳಲ್ಕೆರೆಯೇ ಬಯಲಿನ ಗುಡಿಸಲುಗಳಿಗೆ ಹೋದ ಚಳಿಗಾಲ, ದಿನ ತುಂಬುವ ಮೊದಲೇ ದ್ಯಾಮಮ್ಮನಿಗೆ ಹೆರಿಗೆಯಾಯಿತು. ಪ್ಲೇಗಿಗೆ ಹೆದರಿ ಸೂಲಗಿತ್ತಿ ಬರಲಿಲ್ಲ. ಹಾಲಮ್ಮನೇ ಮಗುವನ್ನು ಹಿಡಿದುಕೊಂಡಳು. ಮಗು ಅಳಲಿಲ್ಲ, ತುಟಿ ನೀಲಿಯಾಗಿತ್ತು, ಉಸಿರು ಮಾತ್ರ ಸಣ್ಣಗೆ ಆಡುತ್ತಿತ್ತು.

ಹಾಲಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ಕೌದಿಯಲ್ಲಿ ಸುತ್ತಿ, ಕಾವು ಹದವಾಗಿದೆಯೇ ಎಂದು ತನ್ನ ಕೆನ್ನೆಗೆ ಒತ್ತಿ ನೋಡಿ, ಕೂಸಿನ ಪಕ್ಕಕ್ಕಿಟ್ಟಳು. ಆರಿದಂತೆಲ್ಲ ಕೆಂಡ ಬದಲಿಸಿದಳು. ಸುತ್ತಿದ ಬಟ್ಟೆ ಒಮ್ಮೆ ಸರಿದು ಅವಳ ಕೆನ್ನೆ ಸುಟ್ಟಿತು. "ನನ್ ಕೆನ್ನೆ ಯಾರು ನೋಡ್ಬೇಕಾಗೈತೆ, ಬಿಡೇ" ಎಂದಳು. ಮಾರನೆಯ ಮಧ್ಯಾಹ್ನ ಮುರುಗಪ್ಪ ಅತ್ತ.

*

ಚಿತ್ರಲಿಂಗಪ್ಪ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಆಮೇಲೆ ಎದ್ದು ಅದನ್ನು ಗೋಡೆಯ ಗೂಡಿನಲ್ಲಿಟ್ಟ.

"ಇಷ್ಟು ನೋಡ್ಕಳ್ಳೋರು ನಮ್ಮನ್ಯಾಗೆ ಯಾರೂ ಇಲ್ಲಮ್ಮ" ಎಂದ.

ಗುಣಿಯ ಹತ್ತಿರ ಅಯ್ಯನವರು, "ತವರಿನೋರು ಮೊದ್ಲು ಮಣ್ಣು ಕೊಡ್ರಿ" ಎಂದಾಗ ಅವನು ಹಿಂದೆ ಸರಿದು ಮುರುಗಪ್ಪನ ಬೆನ್ನ ಮೇಲೆ ಕೈಯಿಟ್ಟ. "ಹಾಕಪ್ಪ. ನೀನೇ ಅವಳ ಮಗ."

ಹುಡುಗನ ಮುಷ್ಟಿಯಿಂದ ಮಣ್ಣು ಉದುರುವುದನ್ನು ದ್ಯಾಮಮ್ಮ ನೋಡಿದಳು. ಆಗಲೂ ಅಳು ಬರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಬಸಮ್ಮ ತನ್ನ ಮನೆಯಿಂದ ಅಂಬಲಿ ತಂದು ಕೈಗಿಟ್ಟಳು. ಜಗಲಿಯ ಕಂಬಕ್ಕೆ ಒರಗಿ ಎರಡು ಗುಟುಕು ಕುಡಿಯುವಷ್ಟರಲ್ಲಿ ದ್ಯಾಮಮ್ಮನ ಕತ್ತು ನಿದ್ದೆಗೆ ವಾಲಿತು. ಬಸಮ್ಮ ಬಟ್ಟಲನ್ನು ಮೆಲ್ಲಗೆ ಬಿಡಿಸಿಕೊಂಡಳು.

ಸಂಜೆಗೆ ನೆಂಟರು ಹೊರಡಲು ಎದ್ದರು. ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಲು ಹೋದವರಿಗೆ ಚಿತ್ರಲಿಂಗಪ್ಪ ಜಗಲಿಯಲ್ಲಿ ನಿದ್ದೆಹೋದವಳತ್ತ ಕೈ ಸನ್ನೆ ಮಾಡಿದ. ಎಲ್ಲರೂ ತಮ್ಮ ತಮ್ಮ ಮೆಟ್ಟುಗಳನ್ನು ಕೈಯಲ್ಲಿ ಹಿಡಿದು, ಬೀದಿಯ ತಿರುವಿನವರೆಗೂ ಬರಿಗಾಲಲ್ಲಿ ನಡೆದು ಹೋದರು.